ಹೊಳೆಯಾಚೆ ಹುಟ್ಟಿದವರು

ಸಿದ್ದರಾಮು ಮಂಡ್ಯದಿಂದ ಬೆಳಕವಾಡಿಗೆ ಹಿಂದಿರುಗಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಕಾಲು ತೊಳೆದು ಬಂದು ಒಲೆಯ ಮುಂದೆ ಕುಳಿತ. ತಾಯಿ ದೇವೀರಮ್ಮ ತಟ್ಟೆಗೆ ಮುದ್ದೆ ಹಾಕಿ ಹಿತಕಿದ ಅವರೆಬೇಳೆಯ ಸಾರು ಬಿಟ್ಟಳು. ಮಗನ ಮುಖ ನೋಡಿಯೇ ಅವಳಿಗೆ ಅರ್ಧ ತಿಳಿದಿತ್ತು.

"ಏನಂದ್ರು?" ಎಂದು ತಂದೆ ಹೊನ್ನಯ್ಯ ಜಗಲಿಯಿಂದಲೇ ಕೇಳಿದ.

"ಆಗಲ್ಲ ಅಂದ್ರು."

"ಯಾಕಂತೆ? ಲೋಯರ್ ಸೆಕೆಂಡರಿ ಪಾಸಾಗಿದ್ದೀಯಲ್ಲ."

ಸಿದ್ದರಾಮು ಮುದ್ದೆ ಮುರಿದ, ಆದರೆ ಬಾಯಿಗಿಡಲಿಲ್ಲ. "ನಾನು ಮೈಸೂರು ಸೀಮೆಯೋನಲ್ಲವಂತೆ. ಪರದೇಸದೋನಂತೆ."

ಮಂಡ್ಯ ಹೊಸ ಜಿಲ್ಲೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಹೊಸದಾಗಿ ತೆರೆದ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ಖಾಲಿ ಇದೆಯೆಂದು ತಿಳಿದು ಅವನು ಅರ್ಜಿ ಹಾಕಿದ್ದ. ಅಲ್ಲಿಯವರು ಅವನ ಸ್ಕೂಲು ಸರ್ಟಿಫಿಕೇಟನ್ನು ಬಿಡಿಸಿ ನೋಡಿ ಒಂದು ಸಾಲಿನ ಮೇಲೆ ಬೆರಳಿಟ್ಟಿದ್ದರು. ಹುಟ್ಟಿದ ಊರು ಸತ್ತೇಗಾಲ, ಕೊಳ್ಳೇಗಾಲ ತಾಲ್ಲೂಕು, ಕೊಯಮತ್ತೂರು ಜಿಲ್ಲೆ. "ನಾಲೆ ಬಂದ ಮೇಲೆ ಕಬ್ಬಿನ ಕೆಲಸ, ಗದ್ದೆ ಕೆಲಸ ಅಂತ ಆಚೆಯಿಂದ ಜನ ಬರ್ತಾನೇ ಅವ್ರೆ ಕಣಯ್ಯ. ಕಚೇರಿ ಕೆಲಸಾನಾದ್ರೂ ಈ ಸೀಮೇಲಿ ಹುಟ್ಟಿದೋರಿಗೆ ಮೊದಲು ಅಂತ ಮಾಡವ್ರೆ," ಎಂದು ಅಲ್ಲಿದ್ದ ಮುದುಕ ಗುಮಾಸ್ತೆ ಸಮಾಧಾನವಾಗಿಯೇ ಹೇಳಿದ್ದ. ತಂದೆಯ ಊರಿನ ಕಾಗದ ತಂದರೆ ಮುಂದೆ ಯಾವಾಗಲಾದರೂ ನೋಡೋಣ, ಈ ಸಲದ ಜಾಗ ತುಂಬಿಹೋಯಿತು ಎಂದೂ ಸೇರಿಸಿದ್ದ.

ಬೆಳಕವಾಡಿಯಲ್ಲಿ ಬೆಳಿಗ್ಗೆ ಗಾಡಿ ಹೂಡಿದರೆ ಮಧ್ಯಾಹ್ನದೊಳಗೆ ಶಿವನಸಮುದ್ರದ ಹತ್ತಿರ ಕಾವೇರಿಯ ಹಳೆಯ ಕಲ್ಲುಸೇತುವೆ ಸಿಗುತ್ತಿತ್ತು. ಈಚೆ ಮಹಾರಾಜರ ಮೈಸೂರು, ಆಚೆ ಇಂಗ್ಲಿಷರ ಮದರಾಸು. ಎರಡು ದಡದಲ್ಲೂ ಒಂದೇ ಮಾತು, ಒಂದೇ ರಾಗಿ, ಒಂದೇ ದೇವರ ಒಕ್ಕಲು. ಆಚೆಯಿಂದ ಹೆಣ್ಣು ತರುವುದು, ಆಚೆಗೆ ಹೆಣ್ಣು ಕೊಡುವುದು ಎಷ್ಟೋ ತಲೆಮಾರಿನಿಂದ ನಡೆದು ಬಂದದ್ದು. ದೇವೀರಮ್ಮ ಸತ್ತೇಗಾಲದ ಹೆಣ್ಣು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಪದ್ಧತಿಯಂತೆ ಸಿದ್ದರಾಮುವನ್ನು ಅಲ್ಲೇ ಹೆತ್ತಿದ್ದಳು. ಈಗ ಸಿದ್ದರಾಮುವಿನ ಹೆಂಡತಿ ಸಣ್ಣತಾಯಮ್ಮನೂ ಸತ್ತೇಗಾಲದವಳೇ, ದೇವೀರಮ್ಮನ ತಮ್ಮ ಅಂಕಯ್ಯನ ಮಗಳು. ಅವಳು ಆರು ತಿಂಗಳ ಬಸುರಿ.

"ಸ್ಕೂಲಿಗೆ ಸೇರಿಸ್ದಾಗ ಬೆಳಕವಾಡಿ ಅಂತ ಬರೆಸಿದ್ರೆ ನಿನ್ನ ಗಂಟೇನು ಓಗ್ತಿತ್ತಪ್ಪ?" ಎಂದ ಸಿದ್ದರಾಮು.

"ಮೇಷ್ಟ್ರು ಕೇಳಿದ್ರು, ಇದ್ದದ್ದು ಏಳ್ದೆ. ಸುಳ್ಳು ಏಳಕ್ಕೆ ನಾನೇನು ಕಳ್ಳತನ ಮಾಡಿದ್ನಾ?"

"ಪರದೇಸ ಅಂತೆ!" ದೇವೀರಮ್ಮ ಸೌಟನ್ನು ಮಡಕೆಯ ಮೇಲೆ ಕುಕ್ಕಿದಳು. "ನನ್ನ ತವರಿನ ಕೋಳಿ ಕೂಗಿದ್ರೆ ಸೇತುವೆ ಈಚೆಗೆ ಕೇಳ್ತದೆ. ಅದು ಪರದೇಸವಾ?"

"ಕಚೇರಿಯೋರಿಗೆ ಕೋಳಿ ಕೂಗು ಕೇಳಲ್ಲ ಕಣವ್ವ." ಸಿದ್ದರಾಮು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಒಂದು ಮಾತು ಏಳ್ತೀನಿ, ಎಲ್ಲಾರೂ ಕೇಳ್ಕಳಿ. ನನ್ನ ಮಗ ಈ ಮನೇಲೇ ಹುಟ್ಟಬೇಕು. ಸಣ್ಣತಾಯಿ ಹೊಳೆ ದಾಟಕೂಡದು."

ಸಣ್ಣತಾಯಮ್ಮ ಬಾಗಿಲ ಮರೆಯಲ್ಲಿ ರಾಗಿ ಕೇರುತ್ತಿದ್ದವಳು ಮೊರವನ್ನು ಹಾಗೇ ಹಿಡಿದು ನಿಂತಳು.

"ಚೊಚ್ಚಲು ಕಣ್ಲಾ! ತವರಿಗೆ ಕಳಿಸ್ದೆ ಇದ್ರೆ ನನ್ನ ತಮ್ಮ ಊರಲ್ಲಿ ತಲೆ ಎತ್ತಿ ತಿರುಗೋದು ಬ್ಯಾಡವಾ?" ಎಂದಳು ದೇವೀರಮ್ಮ.

"ಹುಡುಗ ಏಳೋದ್ರಲ್ಲಿ ತಪ್ಪೇನದೆ? ಈ ಮನೇಲಿ ಹೆರಿಗೆ ಆಗೇ ಇಲ್ವಾ?" ಎಂದ ಹೊನ್ನಯ್ಯ.

ದೇವೀರಮ್ಮ ಗಂಡನ ಕಡೆ ಒಮ್ಮೆ ನೋಡಿದಳು. ಮಗನ ತಟ್ಟೆಯಲ್ಲಿ ಉಳಿದ ಮುದ್ದೆಯನ್ನು ತೆಗೆದು ಎಮ್ಮೆಯ ಬಾನಿಗೆ ಹಾಕಿದಳು.

ಏಳನೇ ತಿಂಗಳಲ್ಲಿ ಅಂಕಯ್ಯ ಗಾಡಿ ಕಟ್ಟಿಕೊಂಡು ಬಂದ. ಮಗಳಿಗೆ ಹಸಿರು ಸೀರೆ, ಹೂವು, ಒಂದು ಕುಕ್ಕೆ ಎಳ್ಳು ಬೆಲ್ಲದ ಚಿಗಳಿ ಉಂಡೆ ತಂದಿದ್ದ. ದೇವೀರಮ್ಮ ತಮ್ಮನಿಗೆ ಕಾಲಿಗೆ ನೀರು ಕೊಟ್ಟು, ಒತ್ತು ಶಾವಿಗೆ ಮಾಡಲು ಕೂತಳು. ಎಲೆ ಹಾಕುವ ಮೊದಲೇ ಸಿದ್ದರಾಮು ವಿಷಯ ತೆಗೆದ.

"ಮಾವ, ಈ ಸಲ ಕಳಿಸಕ್ಕಾಗಲ್ಲ. ಹೆರಿಗೆ ಇಲ್ಲೇ ಆಗ್ಲಿ."

ಅಂಕಯ್ಯ ನಗಾಡಿದ. ಅಳಿಯ ನಗದಿದ್ದಾಗ ಅಕ್ಕನ ಮುಖ ನೋಡಿದ. "ಯಾಕಪ್ಪ? ನನ್ನ ಮನೇಲಿ ಹಿಟ್ಟಿಗೆ ಗತಿ ಇಲ್ಲ ಅಂದ್ಕಂಡ್ಯಾ?"

"ಹಂಗಲ್ಲ ಮಾವ. ನಿಮ್ಮೂರಲ್ಲಿ ಹುಟ್ಟಿ ನಾನು ಪಟ್ಟಿದ್ದು ಸಾಕು."

"ನನ್ನೂರಲ್ಲಿ ಹುಟ್ಟಿ ಏನು ಪಟ್ಟೆ? ಈ ತೋಳಲ್ಲಿ ಎತ್ಕಂಡು ಆಡಿಸಿದ್ದೀನಿ ನಿನ್ನ." ಅಂಕಯ್ಯ ಎದ್ದು ನಿಂತು ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡ. "ಓಗ್ಲಿ ಬುಡು. ನನ್ನ ಮಗಳ ಚೊಚ್ಚಲಿಗೂ ನಾನು ಬ್ಯಾಡ ಅಂದ್ರೆ, ಈ ಮನೆ ಉಪ್ಪೂ ನಂಗೆ ಬ್ಯಾಡ."

"ಅಂಕಯ್ಯ, ಉಂಡು ಓಗು!" ದೇವೀರಮ್ಮ ಶಾವಿಗೆ ಹಿಟ್ಟಿನ ಕೈಯಲ್ಲೇ ಬೀದಿಯವರೆಗೆ ಓಡಿದಳು. ಅಂಕಯ್ಯ ಎತ್ತು ಹೂಡಿ ಹೊರಟೇಬಿಟ್ಟ.

ಅಂದು ಮಾಡಿದ ಶಾವಿಗೆಯನ್ನು ಯಾರೂ ಉಣ್ಣಲಿಲ್ಲ. ಸಣ್ಣತಾಯಮ್ಮ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತ ಅತ್ತಳು. ದೇವೀರಮ್ಮ ಪಕ್ಕದಲ್ಲಿ ಬಂದು ಕುಳಿತು ಒಂದು ಚೊಂಬು ತೆಗೆದುಕೊಂಡು ತಾನೂ ಬೆಳಗತೊಡಗಿದಳು.

"ಅತ್ತೆ, ಇಲ್ಲೇ ಆದ್ರೇನು? ನೀವಿದ್ದೀರಲ್ಲ," ಎಂದಳು ಸೊಸೆ.

"ನಾನಿದ್ದು ಏನು ಬಂತವ್ವ," ಎಂದಷ್ಟೇ ಅಂದಳು ದೇವೀರಮ್ಮ.

ಮುಂದಿನ ಎರಡು ಮೂರು ವಾರ ಮನೆಯಲ್ಲಿ ಮಾತು ಕಡಿಮೆಯಾಯಿತು. ತಾಯಿ ಮಗನಿಗೆ ಬಡಿಸುತ್ತಿದ್ದಳು, ಇನ್ನೊಂದು ಬೇಕೇ ಎಂದು ಕೇಳುತ್ತಿರಲಿಲ್ಲ. ಸಿದ್ದರಾಮು ಮದ್ದೂರಿಗೆ ಹೋಗಿ ವಹಾಬ್ ಸಾಹೇಬರ ಅಕ್ಕಿ ಗಿರಣಿಯಲ್ಲಿ ಕೆಲಸ ಕೇಳಿದ. ಸಾಹೇಬರು ಅವನ ಸರ್ಟಿಫಿಕೇಟನ್ನು ಬಿಡಿಸಲೂ ಇಲ್ಲ. "ತೂಕದ ಚೀಟಿ ಬರೆಯಕ್ಕೆ ಬತ್ತದಾ? ಅಷ್ಟು ಸಾಕು. ನಮ್ಮಜ್ಜ ಆರ್ಕಾಟಿನಿಂದ ಬಂದೋನು. ಎಲ್ಲಿ ಹುಟ್ದೆ ಅಂತ ಕೇಳ್ತಾ ಕೂತ್ರೆ ನಾನೇ ಈ ಗಿರಣಿ ಬಿಟ್ಟು ಎದ್ದು ಓಗಬೇಕಾಯ್ತದೆ," ಎಂದರು. ಸೋಮವಾರ ಬೆಳಿಗ್ಗೆ ಹೋದರೆ ಶನಿವಾರ ಸಂಜೆ ಬಸ್ಸಿಗೆ ಬರುವುದೆಂದು ಗೊತ್ತಾಯಿತು. ಕೆಲಸ ಸಿಕ್ಕಿದರೂ ಅವನ ಹಟ ಇಳಿಯಲಿಲ್ಲ. "ನಂಗೆ ಗಿರಣಿ ಸಿಕ್ತು. ನನ್ನ ಮಗನಿಗೆ ಎಲ್ಲಾ ಬಾಗಿಲೂ ತೆಗೆದಿರ್ಲಿ," ಎನ್ನುತ್ತಿದ್ದ.

ಫೆಬ್ರವರಿ ಕೊನೆಯ ಒಂದು ಭಾನುವಾರ ಸ್ಕೂಲು ಮೇಷ್ಟ್ರು ಮಹದೇವಯ್ಯ ಕಂಕುಳಲ್ಲಿ ಚೀಟಿಗಳ ಕಟ್ಟು ಇಟ್ಟುಕೊಂಡು ಬಂದರು. ಹತ್ತು ವರ್ಷಕ್ಕೊಮ್ಮೆ ಬರುವ ಖಾನೇಸುಮಾರಿ. ಊರಿನ ಪ್ರತಿ ತಲೆಯನ್ನೂ ಎಣಿಸಿ ಬರೆಯುವ ಕೆಲಸ ಅವರ ಪಾಲಿಗೆ ಬಂದಿತ್ತು. ಹೊನ್ನಯ್ಯ ಜಗಲಿಯ ಮೇಲೆ ಚಾಪೆ ಹಾಸಿದ. ದೇವೀರಮ್ಮ ಮಜ್ಜಿಗೆ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು.

"ಯಾತಕ್ಕೆ ಮೇಷ್ಟ್ರೇ ಇದೆಲ್ಲ? ಲಡಾಯಿಗೆ ಜನ ಹಿಡಿಯಕ್ಕಾ?" ಎಂದ ಹೊನ್ನಯ್ಯ.

"ಛೆ, ಛೆ. ದೇಶದಲ್ಲಿ ಎಷ್ಟು ಜನ ಇದ್ದಾರೆ ಅಂತ ತಿಳಿಯಬೇಡವೇ? ಎಷ್ಟು ಹುಟ್ಟಿದರು, ಎಷ್ಟು ಹೋದರು, ಹೊರಗಿಂದ ಎಷ್ಟು ಜನ ಬಂದರು. ಸರಿ, ಹೇಳಿ. ನೀವು ಹುಟ್ಟಿದ ಊರು?"

"ಇದೇ ಮನೆ."

"ನಿಮ್ಮ ಮನೆಯವರು?"

"ಸತ್ತೇಗಾಲ."

"ಸಿದ್ದರಾಮು?"

"ಅದೇ ಹಾಳು ಸತ್ತೇಗಾಲ ಮೇಷ್ಟ್ರೇ, ಬರ್ಕಳಿ," ಎಂದ ಸಿದ್ದರಾಮು.

"ಸೊಸೆ?"

"ಸತ್ತೇಗಾಲ."

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಅಲ್ಲಾ ಹೊನ್ನಯ್ಯ, ನಾಲ್ಕು ಜನದಲ್ಲಿ ಮೂರು ಜನ ಮದರಾಸು ಪ್ರಾಂತದವರು. ನಿಮ್ಮ ಮನೆಗೆ ನೀವೊಬ್ಬರೇ ಹೊರಗಿನವರಾದಿರಲ್ಲ!"

ಹೊನ್ನಯ್ಯನಿಗೂ ನಗು ಬಂತು. ಬಹಳ ದಿನದ ಮೇಲೆ ಸಿದ್ದರಾಮು ಕೂಡ ನಕ್ಕ. ಒಳಗಿನಿಂದ ಸಣ್ಣತಾಯಮ್ಮ ಧೈರ್ಯ ಮಾಡಿ, "ಮೇಷ್ಟ್ರೇ, ಹೊಟ್ಟೇಲಿರೋದ್ನ ಬರ್ಕಳಲ್ವಾ?" ಎಂದು ಕೇಳಿದಳು.

"ಅದು ಇನ್ನೂ ಯಾವ ಸೀಮೆಗೂ ಸೇರಿಲ್ಲ ತಾಯಿ. ಹುಟ್ಟಿದ ಮೇಲೆ ಲೆಕ್ಕ." ಮೇಷ್ಟ್ರು ಚೀಟಿ ತಿರುಗಿಸಿದರು. "ಈ ಸಲ ಹೆಂಗಸರ ಬಗ್ಗೆ ಇನ್ನೊಂದು ಪ್ರಶ್ನೆ ಇದೆ. ದೇವೀರಮ್ಮನವರು ಹೆತ್ತ ಮಕ್ಕಳು ಎಷ್ಟು, ಈಗ ಇರುವವರು ಎಷ್ಟು?"

"ಇರೋರು ಇಬ್ರು," ಎಂದ ಹೊನ್ನಯ್ಯ. "ಇವನು, ಕೊತ್ತತ್ತಿಗೆ ಕೊಟ್ಟಿರೋ ನಮ್ಮ ಚಿಕ್ಕಬೋರಮ್ಮ. ಹೆತ್ತಿದ್ದು..." ಬೆರಳು ಮಡಚಿದ. "ಆರು. ಹೂಂ, ಆರು ಅಂತ ಬರ್ಕಳಿ."

"ಒಂಬತ್ತು," ಎಂದಳು ದೇವೀರಮ್ಮ ಬಾಗಿಲಿನಿಂದ.

ಹೊನ್ನಯ್ಯ ತಿರುಗಿದ. "ಎಂಥಾ ಒಂಬತ್ತೇ? ನಂಗೆ ಗೊತ್ತಿಲ್ವಾ?"

"ನೀವು ಕನ್ನಂಬಾಡಿ ಕಟ್ಟೆಗೆ ಮಣ್ಣು ಹೊರಕ್ಕೆ ಓಗಿದ್ರಲ್ಲ, ಆಗೊಂದು. ಬರೋ ಹೊತ್ತಿಗೆ ಮಣ್ಣು ಮಾಡಾಗಿತ್ತು. ನಿಮ್ಮವ್ವ ಏಳಬ್ಯಾಡ ಅಂದ್ರು. ನಾಲೆ ಅಗೆಯೋ ಕೆಲಸಕ್ಕೆ ಓದಾಗ ಎರಡು, ಅವಳಿ. ಒಂದು ದಿನ ಇದ್ದೋ." ದೇವೀರಮ್ಮ ಬಾಯಿಪಾಠ ಒಪ್ಪಿಸುವವಳಂತೆ, ಧ್ವನಿ ಏರಿಸದೆ ಹೇಳಿದಳು. "ಮಿಕ್ಕ ನಾಲ್ಕು ನೀವು ನೋಡಿದ್ದೀರ. ಎಂಟು, ಒಂಬತ್ತನೇ ದಿನಕ್ಕೆ ಮೊಲೆ ಹಿಡಿಯೋದು ಬುಟ್ಟು, ಮೈ ಬಿಲ್ಲಿನಂಗೆ ಸೆಟೆದು ಓದೋ."

ಮೇಷ್ಟ್ರ ಪೆನ್ನು ನಿಂತಿತ್ತು. "ಬದುಕಿದ ಎರಡು..."

"ಎರಡೂ ಸತ್ತೇಗಾಲದಲ್ಲಿ ಹುಟ್ಟಿದ್ದು. ಇವನು ಚೊಚ್ಚಲು. ಅವಳು, ನನ್ನ ತಮ್ಮನ ಮದುವೆಗೆ ಅಂತ ಓದಾಗ ದಿನ ತುಂಬಿ ಅಲ್ಲೇ ಆಗಿದ್ದು. ಈ ಮನೆ ಹಿಂದ್ಲ ಕೋಣೇಲಿ ಏಳು ಹೆತ್ತೆ ಮೇಷ್ಟ್ರೇ. ಒಂದೂ ಉಳೀನಿಲ್ಲ. ಬರ್ಕಳಿ."

ಮೇಷ್ಟ್ರು ಒಂಬತ್ತು ಎಂದು ಬರೆದರು. ಎರಡು ಎಂದು ಬರೆದರು. ಮಜ್ಜಿಗೆಯನ್ನು ಪೂರ್ತಿ ಕುಡಿಯದೆ, ಇನ್ನೂ ಮನೆಗಳಿವೆ ಎಂದು ಎದ್ದು ಹೋದರು.

ಹೊನ್ನಯ್ಯ ಜಗಲಿಯ ಮೇಲೇ ಕುಳಿತಿದ್ದ. ಬಹಳ ಹೊತ್ತಾದ ಮೇಲೆ ಒಳಗೆ ಬಂದು, "ಯಾಕೆ ಏಳ್ನಿಲ್ಲ ನೀನು?" ಎಂದು ಕೇಳಿದ.

"ಕೇಳಿದ್ದು ಯಾರು?" ಎಂದಳು ದೇವೀರಮ್ಮ. ಅವಳು ಹುರುಳಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಸಿದ್ದರಾಮು ಮಾರನೆಯ ದಿನ ಮದ್ದೂರಿಗೆ ಹೋಗಲಿಲ್ಲ. ಬೆಳಗಾಗುತ್ತಲೇ ನಡೆದುಕೊಂಡು ಸೇತುವೆ ದಾಟಿ ಸತ್ತೇಗಾಲಕ್ಕೆ ಹೋದ. ಅಂಕಯ್ಯ ಹೊಲದಲ್ಲಿದ್ದ. ಅಳಿಯನನ್ನು ಕಂಡರೂ ಕಾಣದವನಂತೆ ಬದು ಕಡಿಯುತ್ತಲೇ ಇದ್ದ.

"ಮಾವ, ತಪ್ಪಾಯ್ತು. ಯುಗಾದಿ ಕಳೀಲಿ, ನಾನೇ ಗಾಡೀಲಿ ಕರ್ಕಂಡು ಬತ್ತೀನಿ."

"ಮಗ ಪರದೇಸದೋನಾಯ್ತಾನಲ್ಲಪ್ಪ?"

"ಆಗ್ಲಿ. ಬದುಕಿದ್ರೆ ಸಾಕು."

ಅಂಕಯ್ಯ ಗುದ್ದಲಿಯನ್ನು ನೆಲಕ್ಕೆ ಊರಿ ಅಳಿಯನ ಮುಖ ನೋಡಿದ. ಏನಾಯಿತೆಂದು ಕೇಳಲಿಲ್ಲ. "ಬಾ, ಉಂಡು ಓಗು," ಎಂದ. ಸಿದ್ದರಾಮು ಎರಡು ಮುದ್ದೆ ಉಂಡು ಬಂದ.

ಯುಗಾದಿ ಕಳೆದು ಒಂದು ವಾರಕ್ಕೆ ಗಾಡಿ ಹೊರಟಿತು. ಸಣ್ಣತಾಯಮ್ಮನಿಗೆ ಒಂಬತ್ತಕ್ಕೆ ಬಿದ್ದಿತ್ತು. ಗಾಡಿಯಲ್ಲಿ ಹುಲ್ಲು ಹರವಿ, ಮೇಲೆ ಕೌದಿ ಹಾಸಿ, ಅತ್ತೆ ಸೊಸೆ ಕುಳಿತರು. ಸಿದ್ದರಾಮು ಎತ್ತು ಹೊಡೆದ. ದೇವೀರಮ್ಮ ಅಂದು ಬೆಳಿಗ್ಗೆಯಿಂದ ಹಗುರಾಗಿದ್ದಳು. ದಾರಿಯುದ್ದಕ್ಕೂ ತನ್ನ ತವರಿನ ಹುಣಿಸೇಮರ, ಬಾವಿ, ಸತ್ತುಹೋದ ತನ್ನ ಅವ್ವನ ಮಾತು ಆಡುತ್ತಿದ್ದಳು.

ಸೇತುವೆಯ ಬಾಯಿಗೆ ಅಡ್ಡಲಾಗಿ ಬಿದಿರು ಕಟ್ಟಿದ್ದರು. ಖಾಕಿ ತೊಟ್ಟ ಇಬ್ಬರು ಕೈ ಅಡ್ಡ ಮಾಡಿದರು. ಆಚೆಯ ಊರುಗಳಲ್ಲಿ ವಾಂತಿಬೇದಿ ಹಬ್ಬಿತ್ತು. ನಾಲ್ಕು ದಿನದಿಂದ ಜನ ಸಾಯುತ್ತಿದ್ದರು. ಈ ಸೀಮೆಯಿಂದ ಆ ಸೀಮೆಗೆ, ಆ ಸೀಮೆಯಿಂದ ಈ ಸೀಮೆಗೆ ಯಾರನ್ನೂ ಬಿಡಕೂಡದೆಂದು ಹುಕುಂ ಆಗಿತ್ತು. ಆಚೆ ತುದಿಯ ತಡೆಯ ಹತ್ತಿರ ಅಂಕಯ್ಯ ಕಾದು ನಿಂತಿದ್ದ. ಕಾವಲಿನವರು ಕರುಣೆಯಿಂದ ಅವನನ್ನು ಅರ್ಧ ಸೇತುವೆಯವರೆಗೆ ಬರಲು ಬಿಟ್ಟರು.

ದೇವೀರಮ್ಮ ಗಾಡಿಯಿಂದ ಇಳಿದು ಬಿದಿರು ಹಿಡಿದು ನಿಂತಳು. "ಬುಡಪ್ಪ ನಮ್ಮ, ದಿನ ತುಂಬಿದ ಹೆಂಗಸು ಕಣಪ್ಪ!" ಎಂದು ಖಾಕಿಯವನನ್ನು ಬೇಡಿದಳು.

"ಅಕ್ಕ, ಬ್ಯಾಡ!" ಅಂಕಯ್ಯ ಅಲ್ಲಿಂದಲೇ ಕೂಗಿದ. "ಅವರು ಬುಟ್ರೂ ನಾನು ಬುಡಲ್ಲ. ಪಕ್ಕದ ಮನೇಲಿ ನೆನ್ನೆ ಎರಡು ಎಣ ಎದ್ದೋ. ತಿರುಗ್ಸು ಗಾಡಿಯ!"

"ನೀವೆಲ್ಲ ಎಂಗಿದ್ದೀರೋ?"

"ಚೆನ್ನಾಗಿದ್ದೀವಿ. ತಿರುಗ್ಸಕ್ಕ!"

ಸಣ್ಣತಾಯಮ್ಮ ಗಾಡಿಯಲ್ಲೇ ಎದ್ದು ನಿಂತು ತಂದೆಯನ್ನು ನೋಡಿದಳು. ಅಂಕಯ್ಯ ಕೈ ಎತ್ತಿ, ಹೋಗು ಹೋಗು ಎಂದು ಬೀಸಿದ. ಟವೆಲಿನಿಂದ ಮುಖ ಒರೆಸಿಕೊಂಡು ಬೆನ್ನು ತಿರುಗಿಸಿದ.

ಹಿಂದಿರುಗುವ ದಾರಿಯಲ್ಲಿ ದೇವೀರಮ್ಮ ಸೇತುವೆಯ ಕಡೆಗೇ ಮುಖ ಮಾಡಿ ಕುಳಿತಿದ್ದಳು. ಊರು ಇನ್ನೂ ಒಂದು ಹರದಾರಿ ದೂರವಿರುವಾಗ ಸಣ್ಣತಾಯಮ್ಮ, "ಅತ್ತೆ, ಇಲ್ಲೇ ಅಂತ ಆಯ್ತಲ್ಲ. ಈಗೇನು ಮಾಡಬೇಕೋ ಅದು ಮಾಡಣ. ಆ ಹಿಂದ್ಲ ಕೋಣೆ ಮಾತ್ರ ಬ್ಯಾಡ," ಎಂದಳು.

ಆ ಹಿಂದಿನ ಕೋಣೆ ಕೊಟ್ಟಿಗೆಗೆ ಅಂಟಿಕೊಂಡಿತ್ತು. ಕಿಟಕಿಯಿರಲಿಲ್ಲ. ಮನೆಗೆ ಬಂದ ಕೂಡಲೇ ದೇವೀರಮ್ಮ ಗಂಡನ ಮುಂದೆ ನಿಂತಳು.

"ನಡುಮನೆ ಬೇಕು."

"ನಡುಮನೇಲಿ ದೇವ್ರ ಗೂಡು ಅದೆ. ಪುರುಡು ಮಾಡ್ತೀಯಾ ಅಲ್ಲಿ?"

"ಏಳು ಕೂಸು ಓದಾಗ್ಲೂ ದೇವ್ರು ಮಡಿಯಾಗಿ ಕೂತಿದ್ದ. ಈ ಸಲ ಎದ್ದು ಆಚೆ ಓಗ್ಲಿ."

ಆ ಮಾತಿಗೆ ಸಿದ್ದರಾಮು ಬೆದರಿ ತಂದೆಯ ಕಡೆ ನೋಡಿದ. ಹೊನ್ನಯ್ಯ ಎದ್ದು ಗೂಡಿನಲ್ಲಿದ್ದ ದೇವರ ಪಟ, ಗಂಟೆ, ದೀಪದ ಕಂಬ ಎಲ್ಲವನ್ನೂ ಒಂದೊಂದಾಗಿ ತೆಗೆದು ಬಟ್ಟೆಯಲ್ಲಿ ಸುತ್ತಿ ಅಣ್ಣತಮ್ಮಂದಿರ ಮನೆಗೆ ಕೊಂಡೊಯ್ದು ಇಟ್ಟು ಬಂದ. ತನ್ನ ಚಾಪೆ ಕಂಬಳಿಯನ್ನು ಜಗಲಿಗೆ ಹಾಕಿಕೊಂಡ. ಮಾರನೆಯ ದಿನ ಸುಣ್ಣ ಕಲಸಿ ನಡುಮನೆಗೆ ತಾನೇ ಬಳಿದ.

ಸಾಬರ ಬೀದಿಯಲ್ಲಿ ಸುಲ್ತಾನ್ ಬೀ ಎಂಬ ಸೂಲಗಿತ್ತಿ ಇದ್ದಳು. ಮಳವಳ್ಳಿ ಆಸ್ಪತ್ರೆಯಲ್ಲಿ ಕೆಲವು ಕಾಲ ಇದ್ದು ಕೆಲಸ ಕಲಿತವಳು. ಅವಳು ಬಂದು ಸಣ್ಣತಾಯಮ್ಮನ ಹೊಟ್ಟೆ ಮುಟ್ಟಿ ನೋಡಿ, ಮಗು ಸರಿಯಾಗಿದೆ ಎಂದಳು. ನಂತರ ಅಡುಗೆಮನೆಯಲ್ಲಿ ದೇವೀರಮ್ಮನೊಂದಿಗೆ ಕುಳಿತು ಎಲೆ ಅಡಿಕೆ ಹಾಕಿಕೊಂಡಳು.

"ದೇವೀರಕ್ಕ, ಮೇಷ್ಟ್ರ ಎಂಡ್ರು ಏಳಿದ್ರು. ಏಳು ಕೂಸು ಓದೋ ಅಂತಲ್ಲ, ಹೊಕ್ಕುಳಬಳ್ಳಿ ಯಾತ್ರಲ್ಲಿ ಕುಯ್ತಿದ್ರಿ?"

"ಮುದುಕಿ ಒಬ್ಳು ಬತ್ತಿದ್ಲು. ಹುಲ್ಲು ಕುಯ್ಯೋ ಕುಡುಗೋಲಲ್ಲಿ. ಮೇಲೆ ಸಗಣಿ ಬೂದಿ ಅಚ್ತಿದ್ಲು."

"ಸತ್ತೇಗಾಲದಲ್ಲಿ?"

ದೇವೀರಮ್ಮ ನೆನಪಿಸಿಕೊಂಡಳು. "ನಮ್ಮವ್ವ ಹಸೀ ಬಿದಿರು ಸೀಳಿ, ಬೆಂಕಿಗೆ ತೋರಿಸಿ ಕುಯ್ತಿದ್ಲು. ಕಬ್ಬಿಣ ಮುಟ್ಟಿಸಬಾರ್ದು ಅನ್ನೋಳು."

"ಅದೇ ನೋಡು. ಮನೆ ದೋಸ ಅಲ್ಲ ಅಕ್ಕ. ಆ ಕುಡುಗೋಲಿನ ದೋಸ. ಆಸ್ಪತ್ರೇಲಿ ಡಾಕ್ಟರಮ್ಮ ನಮಗೆ ದಿನಾ ಏಳಿಕೊಡ್ತಿದ್ರು."

ದೇವೀರಮ್ಮನ ಕೈಯಲ್ಲಿದ್ದ ಎಲೆ ಹಾಗೇ ಉಳಿಯಿತು. "ಆ ಕುಡುಗೋಲ್ನ ಪ್ರತಿ ಸಲಾನೂ ತೆಗೆದು ಕೊಟ್ಟೋಳು ನಾನೇ ಕಣೆ," ಎಂದಳು.

ಸುಲ್ತಾನ್ ಬೀ ಅವಳ ಮೊಣಕಾಲ ಮೇಲೆ ಕೈಯಿಟ್ಟಳು. "ನಿಂಗೆ ಯಾರೂ ಏಳ್ನಿಲ್ಲ. ಏಳೋಕೆ ಯಾರಿಗೂ ಗೊತ್ತಿರ್ನಿಲ್ಲ. ಅಳೋದಾದ್ರೆ ಇವತ್ತು ಅತ್ತು ಮುಗಿಸು. ಹೆರಿಗೆ ದಿನ ನೀನು ನನ್ನ ಕೈಗೆ ಬಿಸಿನೀರು ಕೊಡಬೇಕು."

ದೇವೀರಮ್ಮ ಅತ್ತಳೋ ಇಲ್ಲವೋ ಯಾರೂ ನೋಡಲಿಲ್ಲ. ಆ ಸಂಜೆ ಎಮ್ಮೆ ಹಾಲು ಕರೆಯಲು ಮಾತ್ರ ತಡವಾಯಿತು.

ಒಂದು ಬುಧವಾರ ಬೆಳಿಗ್ಗೆ ನೋವು ಬಂತು. ಹೊನ್ನಯ್ಯ ಮದ್ದೂರಿಗೆ ಹೋಗುವ ಬಸ್ಸಿನವನ ಕೈಯಲ್ಲಿ ಮಗನಿಗೆ ಹೇಳಿ ಕಳಿಸಿದ. ಸುಲ್ತಾನ್ ಬೀ ತನ್ನ ಬ್ಲೇಡು, ದಾರಗಳನ್ನು ಕುದಿಯುವ ನೀರಿನಲ್ಲಿ ಹಾಕಿಸಿದಳು. ಮೂರು ಹಂಡೆ ನೀರು ಕಾಯಿಸಿದ್ದಾಯಿತು. ಊಟದ ಹೊತ್ತು ಮೀರುವಾಗ ಮಗುವಿನ ಅಳು ಬೀದಿಗೆ ಕೇಳಿತು. ಹೆಣ್ಣು ಮಗು.

ಸಿದ್ದರಾಮು ಸಂಜೆಗೆ ಬಂದ. ಬಾಗಿಲ ಹೊರಗೆ ನಿಂತು ಇಣುಕಿದ. ಗಂಡು ಎಂದೇ ತಿಂಗಳುಗಟ್ಟಲೆ ಮಾತಾಡಿದ್ದವನು ಈಗ, "ಹಾಲು ಕುಡೀತಾ?" ಎಂದು ಮಾತ್ರ ಕೇಳಿದ.

"ಕುಡೀತು," ಎಂದಳು ಸಣ್ಣತಾಯಮ್ಮ.

ಮಾರನೆಯ ದಿನ ಚಾವಡಿಗೆ ಹೋಗಿ ಮಗು ಹುಟ್ಟಿದ್ದನ್ನು ಪಟೇಲರ ಪುಸ್ತಕದಲ್ಲಿ ಬರೆಸಿ ಬಂದ. ಬೆಳಕವಾಡಿ, ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ. ಬಂದು ಯಾರಿಗೂ ಅದನ್ನು ದೊಡ್ಡದಾಗಿ ಹೇಳಲಿಲ್ಲ. ಗಿರಣಿಗೆ ಹತ್ತು ದಿನ ರಜ ಹೇಳಿ ಮನೆಯಲ್ಲೇ ಉಳಿದ. ಕಟ್ಟಿಗೆ ಒಡೆದ, ನೀರು ಹೊತ್ತ.

ದೇವೀರಮ್ಮ ಮಾತ್ರ ಮಲಗಲಿಲ್ಲ. ಬಾಣಂತಿಗೆ ಮೆಣಸಿನ ಸಾರು, ಬೆಳ್ಳುಳ್ಳಿ, ಕೂಸಿಗೆ ಎಣ್ಣೆ ನೀರು, ಸಾಂಬ್ರಾಣಿ ಹೊಗೆ. ಎಲ್ಲ ಮುಗಿಸಿ ಮಗುವಿನ ಪಕ್ಕದಲ್ಲಿ ಗೋಡೆಗೆ ಒರಗಿ ಕೂರುವಳು. ಮಗು ಅತ್ತರೆ ಮೊಲೆಗೆ ಹಿಡಿಸಿ, ದವಡೆ ಆಡುವುದನ್ನು ಬಗ್ಗಿ ನೋಡುವಳು. ಐದನೇ ದಿನ, ಆರನೇ ದಿನ. ಏಳನೇ ದಿನ ಊಟ ಬಿಟ್ಟಳು. "ಉಣ್ಣಿ ಅತ್ತೆ," ಎಂದು ಸೊಸೆ ಬೇಡಿದರೆ, "ಆಮ್ಯಾಕೆ," ಎನ್ನುವಳು. ಎಂಟನೇ ದಿನ ಮಗು ಒಂದು ಸಲ ಹಾಲು ಬೇಡವೆಂದು ಮುಖ ತಿರುಗಿಸಿತು. ದೇವೀರಮ್ಮ ಕೂಗಿದ ಕೂಗಿಗೆ ಸಿದ್ದರಾಮು ಕೊಡಲಿ ಬಿಸಾಕಿ ಸುಲ್ತಾನ್ ಬೀಯ ಮನೆಗೆ ಓಡಿದ. ಅವಳು ಬಂದು ಮಗುವಿನ ಬಾಯಲ್ಲಿ ಬೆರಳಿಟ್ಟು ನೋಡಿ, "ಹೊಟ್ಟೆ ತುಂಬೈತೆ ಕಣಕ್ಕ, ಎಷ್ಟು ಅಂತ ಕುಡಿಸ್ತೀಯಾ!" ಎಂದು ಬೈದು ಹೋದಳು.

ಒಂಬತ್ತು ಕಳೆಯಿತು. ಹತ್ತು ಕಳೆಯಿತು. ಹನ್ನೊಂದನೇ ದಿನ ಪುರುಡು ತೆಗೆದು ಮನೆ ಸಾರಿಸಿದರು. ಅಷ್ಟರಲ್ಲಿ ಸೇತುವೆಯ ಬಿದಿರು ತೆಗೆದಿದ್ದರು. ಅಂಕಯ್ಯ ಗಾಡಿ ತುಂಬ ಬೆಲ್ಲ, ರಾಗಿ, ಎರಡು ನಾಟಿ ಕೋಳಿ ಹೇರಿಕೊಂಡು ಬಂದು ಮೊಮ್ಮಗಳನ್ನು ನೋಡಿ, ಅಕ್ಕನ ಮನೆಯಲ್ಲಿ ಎರಡು ಹೊತ್ತು ಉಂಡು ಹೋದ.

ಹನ್ನೆರಡನೇ ದಿನ ಬೆಳಗಾದರೂ ದೇವೀರಮ್ಮ ಏಳಲಿಲ್ಲ. ನಡುಮನೆಯ ಗೋಡೆ ಪಕ್ಕ ಕಾಲು ಮಡಚಿಕೊಂಡು ಬಾಯಿ ಸ್ವಲ್ಪ ತೆರೆದು ಮಲಗಿದ್ದಳು. ಎಮ್ಮೆ ಕೂಗಿತು, ಕೋಳಿ ಕೂಗಿತು, ಮಗು ಅತ್ತಿತು. ಎಚ್ಚರವಾಗಲಿಲ್ಲ.

"ಎಬ್ಬಿಸ್ಲಾ ಮಾವ?" ಎಂದು ಸಣ್ಣತಾಯಮ್ಮ ಮೆಲ್ಲಗೆ ಕೇಳಿದಳು.

"ಬ್ಯಾಡ. ಮಲಗ್ಲಿ. ನೀನೂ ಒಲೆ ತಾವ ಬರಬ್ಯಾಡ, ಬಾಣಂತಿ," ಎಂದ ಹೊನ್ನಯ್ಯ.

ಅವನು ಅಡುಗೆಮನೆಗೆ ಹೋದ. ಹುಟ್ಟಿದಾಗಿನಿಂದ ಒಲೆಯ ಮುಂದೆ ಉಣ್ಣಲು ಕುಳಿತಿದ್ದನೇ ಹೊರತು ಬೇಯಿಸಲು ಕುಳಿತವನಲ್ಲ. ಎಸರಿಟ್ಟ. ಕುದಿ ಬರುವ ಮೊದಲೇ ಹಿಟ್ಟು ಸುರಿದ. ಸಿದ್ದರಾಮು ಬಂದು, "ಅಪ್ಪ, ಹಂಗಲ್ಲ ಕಣಪ್ಪ," ಎಂದ. ತಂದೆ ಮಗ ಇಬ್ಬರೂ ಸೇರಿ ಮಡಕೆಯನ್ನು ಕಾಲಿನಲ್ಲಿ ಅವುಚಿಕೊಂಡು ಕೋಲಿನಿಂದ ತಿರುವಿದರು. ಬೆವರು ಹಿಟ್ಟಿಗೆ ಬೀಳುವಷ್ಟು ತಿರುವಿದರು.

ನೆರಳು ಕಾಲಡಿಗೆ ಬರುವ ಹೊತ್ತಿಗೆ ದೇವೀರಮ್ಮ ಎದ್ದಳು. ಗಾಬರಿಯಿಂದ ಮೊದಲು ಮಗುವಿನ ಕಡೆ ನೋಡಿದಳು. ಅದು ತಾಯಿಯ ಮಡಿಲಲ್ಲಿ ಚಪ್ಪರಿಸಿಕೊಂಡು ಹಾಲು ಕುಡಿಯುತ್ತಿತ್ತು. ಮುಖ ತೊಳೆದು ಬಂದಳು. ಹೊನ್ನಯ್ಯ ತಟ್ಟೆ ತಂದು ಮುಂದಿಟ್ಟ. ಮುದ್ದೆ ಒಂದು ಕಡೆ ವಾಲಿತ್ತು.

ದೇವೀರಮ್ಮ ಮುರಿದು ಬಾಯಿಗಿಟ್ಟಳು. "ಯಾರು ಇಟ್ಟಿದ್ದು ಈ ಹಿಟ್ಟ? ಬರೀ ಗಂಟು. ನಾಯೀನೂ ಮೂಸಲ್ಲ."

"ನಾನೇ," ಎಂದ ಹೊನ್ನಯ್ಯ.

ಅವಳು ಗಂಡನನ್ನು ನೋಡಿದಳು. ಅವನ ಮೀಸೆಯ ಮೇಲೆಲ್ಲ ಹಿಟ್ಟು. ಗಂಟುಗಳನ್ನು ಬೆರಳಲ್ಲಿ ಹಿಸುಕಿ ಸಾರಿನಲ್ಲಿ ಅದ್ದಿಕೊಂಡು ಆ ಮುದ್ದೆಯನ್ನು ಪೂರ್ತಿ ಉಂಡಳು.

"ಇನ್ನೊಂದು ಅದೆ," ಎಂದ ಹೊನ್ನಯ್ಯ.

"ಹಾಕಿ," ಎಂದಳು.